ಅಣ್ಣನ ಹೊಟ್ಟೆನೋವನ್ನು ಯಾರೂ ನಂಬಲಿಲ್ಲ. ಮಾನಸಿಕ ಕಾಯಿಲೆ ಇರುವವರ ದೇಹವನ್ನು ನೋಡುವವರು ಯಾರು?

ಸಂಪಿಗೆ_ಮರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಅಣ್ಣನಿಗೆ 46 ವರ್ಷ. 19 ವರ್ಷದಿಂದ ಸ್ಕಿಜೋಫ್ರೇನಿಯಾ (ಇಲ್ಲದ್ದು ಕೇಳಿಸುವ, ಕಾಣುವ ಮಾನಸಿಕ ಕಾಯಿಲೆ) ಇದೆ. ಬೇರೆ ಬೇರೆ ಮಾತ್ರೆ ಕೊಟ್ಟು ನೋಡಿ ಯಾವುದೂ ಹಿಡಿಯದೆ 7 ವರ್ಷದ ಹಿಂದೆ ಕ್ಲೋಜಪಿನ್ ಶುರು ಮಾಡಿದರು. ಅದರಿಂದ ಅವನು ನಮಗೆ ವಾಪಸ್ ಸಿಕ್ಕಿದ. ಈಗ ದನ ನೋಡಿಕೊಳ್ಳುತ್ತಾನೆ, ಡೈರಿಗೆ ಹಾಲು ಹಾಕಿ ಬರುತ್ತಾನೆ, ಹಾಲಿನ ಲೆಕ್ಕದ ಪುಸ್ತಕ ಪೂರ್ತಿ ಅವನದೇ. ಹಾಗಾಗಿ ಆ ಮಾತ್ರೆ ಮೇಲೆ ನನಗೆ ಸಿಟ್ಟಿಲ್ಲ.

ಎರಡು ತಿಂಗಳ ಹಿಂದೆ ಒಂದು ಭಾನುವಾರ ಅವನು ಊಟ ಬಿಟ್ಟ. ಕೇಳಿದರೆ "ಹೊಟ್ಟೆ ಕಲ್ಲಾಗಿದೆ" ಎಂದ. ಸಂಜೆ ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನೇನು ಮಾತ್ರೆ ತಗೊಳ್ತಾರೆ ಎಂದು ಕೇಳಿದರು, ನಾನು ಚೀಟಿ ತೋರಿಸಿದೆ. ಅಲ್ಲಿಂದ ಮುಂದೆ ಡಾಕ್ಟರು ಅಣ್ಣನ ಮುಖ ನೋಡಲೇ ಇಲ್ಲ. ಅವನು ಅಲ್ಲೇ ಕುರ್ಚಿಯಲ್ಲಿ ಬಗ್ಗಿ ಕೂತಿದ್ದ. ನನ್ನನ್ನು ಕೇಳಿದರು, "ಎಷ್ಟು ವರ್ಷದಿಂದ ಇದೆ? ಈಗಲೂ ಏನಾದರೂ ಕೇಳಿಸುತ್ತಾ ಇವರಿಗೆ?" ಹೊಟ್ಟೆ ಮುಟ್ಟಲಿಲ್ಲ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು, ಇದು ಮನಸ್ಸಿನಿಂದ ಬರುವ ನೋವು, ನಿಮ್ಮ ಮಾನಸಿಕ ಡಾಕ್ಟರಿಗೇ ತೋರಿಸಿ ಎಂದು ಕಳಿಸಿದರು. ಮರುದಿನ ಮಾನಸಿಕ ಡಾಕ್ಟರಿಗೆ ಫೋನ್ ಮಾಡಿದೆ. ಅವರು, ಹೊಟ್ಟೆನೋವಿಗೆ ಫಿಸಿಷಿಯನ್ ನೋಡಬೇಕಮ್ಮ ಎಂದರು. ಇಬ್ಬರೂ ಹೇಳಿದ್ದು ಸರಿ ಅನ್ನಿಸುವ ಹಾಗೇ ಇತ್ತು. ನಾನು ನಡುವೆ ನಿಂತಿದ್ದೆ.

ಮೂರನೇ ದಿನ ವಾಂತಿ ಶುರುವಾಯಿತು, ಹಸಿರು ಬಣ್ಣ, ಕೆಟ್ಟ ವಾಸನೆ. 108ಕ್ಕೆ ಫೋನ್ ಮಾಡಿ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಒಬ್ಬರು ವಯಸ್ಸಾದ ಸಿಸ್ಟರ್ ಇದ್ದರು. ನನ್ನನ್ನು ಏನೂ ಕೇಳಲಿಲ್ಲ. ಅಣ್ಣನ ಹೊಟ್ಟೆ ಮೇಲೆ ಕೈ ಇಟ್ಟು ಅವನನ್ನೇ ಕೇಳಿದರು, "ಮೋಷನ್ ಆಗಿ ಎಷ್ಟು ದಿನ ಆಯ್ತಪ್ಪ?"

"ಹನ್ನೊಂದು" ಎಂದ ಅಣ್ಣ.

ಅವನು ಎಣಿಸಿದ್ದ. ಹಾಲಿನ ಲೆಕ್ಕದ ಹಾಗೆ ದಿನ ಎಣಿಸಿ ಇಟ್ಟುಕೊಂಡಿದ್ದ. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎಕ್ಸ್‌ರೇ, ಸ್ಕ್ಯಾನಿಂಗ್ ಆಯಿತು. ಕರುಳು ಕಟ್ಟಿಕೊಂಡು ಊದಿತ್ತು. ಆಪರೇಷನ್‌ಗೆ ಮುಂಚೆ ಮಾನಸಿಕ ಡಾಕ್ಟರಿಂದ ಲೆಟರ್ ತನ್ನಿ ಎಂದು ಸುಮಾರು ಐದು ಗಂಟೆ ಕಾಯಿಸಿದರು. ಅಣ್ಣ ಬದುಕಿದ. ಮಲ ಹೋಗಲು ಹೊಟ್ಟೆಗೆ ಈಗ ಚೀಲ ಇದೆ, ಕೆಲವು ತಿಂಗಳ ನಂತರ ತೆಗೆಯುತ್ತಾರಂತೆ.

7 ವರ್ಷದಿಂದ ಈ ಮಾತ್ರೆಗೆಂದು ರಕ್ತ ಪರೀಕ್ಷೆ ಮಾಡಿಸುತ್ತಾ ಬಂದಿದ್ದೇವೆ. ಬಿಳಿ ರಕ್ತಕಣ ಇಳಿದಿಲ್ಲವಲ್ಲ ಎಂದು ನೋಡುತ್ತಾರೆ. ಮೋಷನ್ ಸರಿಯಾಗಿ ಆಗುತ್ತಾ ಎಂದು ಒಂದು ಸಲ ಕೇಳಿದ್ದು ನನಗೆ ನೆನಪಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಆಗಿದೆಯಾ? ನೀವು ಏನು ಮಾಡಿದಿರಿ? ಮುಂದೆ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮಾತ್ರೆ ಚೀಟಿ ತೋರಿಸಬೇಕಾ, ಬಚ್ಚಿಡಬೇಕಾ? ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದೇನೆ.

ಬೈಪೋಲಾರ್_ಜೊತೆ_ಬದುಕು

ಓದಿ ಕೈ ನಡುಗಿತು. ಸಂಪಿಗೆ ಅವರೇ, ಅಣ್ಣ ಬದುಕಿದರಲ್ಲ, ಅದು ದೊಡ್ಡದು.

ನನ್ನದು ಬೈಪೋಲಾರ್ (ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ), 12 ವರ್ಷದಿಂದ ಲಿಥಿಯಂ ಮಾತ್ರೆ. ಬೆಂಗಳೂರಿನಲ್ಲಿ ಕೆಲಸ. ಒಮ್ಮೆ ಬೆನ್ನುನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಪೇನ್ ಕಿಲ್ಲರ್ ಒಂದು ವಾರ ನುಂಗಿದೆ. ಜೊತೆಗೆ ಭೇದಿ ಬೇರೆ. ಕಾಲು ತಡವರಿಸಲು ಶುರುವಾಯಿತು, ನಾಲಿಗೆ ತೊದಲುತ್ತಿತ್ತು, ಕೈ ಹೇಗೆ ನಡುಗುತ್ತಿತ್ತೆಂದರೆ ಲೋಟ ಹಿಡಿಯಲು ಆಗಲಿಲ್ಲ. ರೂಮ್‌ಮೇಟ್ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋದ. ಮೊದಲು "ಕುಡಿದಿದ್ದಾನಾ?" ಎಂದರು. ಅವನು ಇಲ್ಲ, ಬೈಪೋಲಾರ್ ಇದೆ ಎಂದ. ಆಮೇಲೆ "ಓ, ಹಾಗಾದರೆ ಅದೇ ಜಾಸ್ತಿ ಆಗಿದೆ" ಎಂದು ನಿದ್ದೆ ಬರುವ ಇಂಜೆಕ್ಷನ್ ಕೊಡಲು ಹೊರಟರು. ರೂಮ್‌ಮೇಟ್ ಜಗಳ ಮಾಡಿದ, ಲಿಥಿಯಂ ಲೆವೆಲ್ ನೋಡಿ ಎಂದು ಹಟ ಹಿಡಿದ. ನೋಡಿದರೆ ವಿಷದ ಮಟ್ಟಕ್ಕೆ ಏರಿತ್ತು. ಐಸಿಯುಗೆ ಹಾಕಿದರು.

ಲಿಥಿಯಂ ತಗೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ವಾಂತಿ ಭೇದಿ ಆಗಿ ನೀರು ಕಡಿಮೆಯಾದರೂ ಏರುತ್ತದೆ. ಕೆಲವು ಬಿಪಿ ಮಾತ್ರೆಗಳೂ ಹಾಗೇ. ನನಗೆ 12 ವರ್ಷದಲ್ಲಿ ಈ ಮಾತು ಹೇಳಿದ್ದು ಐಸಿಯುನಲ್ಲಿದ್ದ ಒಬ್ಬ ಪಿಜಿ ಡಾಕ್ಟರು, ಎಲ್ಲ ಮುಗಿದ ಮೇಲೆ.

ಚೀಟಿ ಮಾತ್ರ ಬಚ್ಚಿಡಬೇಡಿ. ಬಚ್ಚಿಟ್ಟಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ.

ಬಯಲುಸೀಮೆ_ಡಾಕ್ಟ್ರು

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ, ಸೈಕಿಯಾಟ್ರಿಸ್ಟ್ ಅಲ್ಲ. ಸಂಪಿಗೆ ಅವರೇ, ಮೊದಲು ನಮ್ಮ ಕಡೆಯವರ ಪರವಾಗಿ ಕ್ಷಮೆ ಕೇಳುತ್ತೇನೆ. ಹೊಟ್ಟೆನೋವು ಎಂದು ಬಂದವರ ಹೊಟ್ಟೆ ಮುಟ್ಟದೆ ಕಳಿಸಿದ್ದಕ್ಕೆ ಬೇರೆ ವಿವರಣೆ ಇಲ್ಲ.

ಇದಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರಿದೆ, ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್. ಅಂದರೆ ಹಳೆಯ ಕಾಯಿಲೆಯ ಹೆಸರು ಹೊಸ ಕಾಯಿಲೆಯನ್ನು ಮುಚ್ಚಿಬಿಡುವುದು. ಫೈಲಿನ ಮೊದಲ ಪುಟದಲ್ಲಿ "ಸೈಕೋಸಿಸ್" (ಭ್ರಮೆಯ ಮಾನಸಿಕ ಕಾಯಿಲೆ) ಎಂದು ಕಂಡ ಕೂಡಲೇ ಆಮೇಲೆ ರೋಗಿ ಹೇಳುವುದೆಲ್ಲ ಅದರದ್ದೇ ಲಕ್ಷಣ ಎಂದು ಕೇಳಿಸುತ್ತದೆ. ನಾನೂ ಮಾಡಿದ್ದೇನೆ. ಎದೆ ಉರಿ ಎಂದು ಪದೇ ಪದೇ ಬರುತ್ತಿದ್ದ ಒಬ್ಬರಿಗೆ ಆತಂಕದ ಕಾಯಿಲೆ ಇತ್ತು. ಮೂರನೇ ಸಲ ಬಂದಾಗ ಇಸಿಜಿ ತೆಗೆಯಲಿಲ್ಲ. ನಾಲ್ಕನೇ ಸಲ ಅವರು ಬರಲಿಲ್ಲ, ಮನೆಯವರು ಬಂದರು. ಹತ್ತು ವರ್ಷ ಆಯಿತು, ಆ ಕುಟುಂಬ ಸಂತೆಯಲ್ಲಿ ಸಿಕ್ಕರೆ ಇವತ್ತಿಗೂ ನನಗೆ ಕಣ್ಣೆತ್ತಿ ನೋಡಲು ಆಗುವುದಿಲ್ಲ.

ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಜನ ಆತ್ಮಹತ್ಯೆ ಅಂದುಕೊಳ್ಳುತ್ತಾರೆ. ಅದೂ ಇದೆ, ಆದರೆ ಹೆಚ್ಚಿನವರು ಸಾಯುವುದು ಹೃದಯದ ಕಾಯಿಲೆ, ಶುಗರ್, ಶ್ವಾಸಕೋಶದ ತೊಂದರೆ, ಸೋಂಕು ಇಂಥವುಗಳಿಂದ. ಅಂದರೆ ನಿಮಗೂ ನನಗೂ ಬರುವ ಕಾಯಿಲೆಗಳೇ. ನಮಗೆ ಬೇಗ ಗೊತ್ತಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ.

ಕಾರಣ ಒಂದಲ್ಲ. ಓಲಾಂಜಪಿನ್, ಕ್ಲೋಜಪಿನ್ ತರಹದ ಮಾತ್ರೆಗಳಿಂದ ತೂಕ ಏರುತ್ತದೆ, ಶುಗರ್ ಬರುತ್ತದೆ, ಕೊಬ್ಬು ಏರುತ್ತದೆ. ಬೀಡಿ ಸಿಗರೇಟು ಜಾಸ್ತಿ. ಕೆಲಸ ಇಲ್ಲ, ದುಡ್ಡಿಲ್ಲ, ಅನ್ನ ಸಾರು ಬಿಟ್ಟು ಬೇರೆ ಊಟ ಇಲ್ಲ. ಸ್ಕಿಜೋಫ್ರೇನಿಯಾ ಇರುವ ಕೆಲವರು ನೋವನ್ನು ಕಡಿಮೆ ತೋರಿಸುತ್ತಾರೆ, ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದರೂ ಸುಮ್ನೆ ಕೂತಿರುತ್ತಾರೆ. ಇಷ್ಟೆಲ್ಲ ಇರುವಾಗ ನಾವು ಇವರನ್ನು ಬೇರೆಯವರಿಗಿಂತ ಜಾಸ್ತಿ ಹುಷಾರಾಗಿ ನೋಡಬೇಕಿತ್ತು, ಅಲ್ವಾ? ನೋಡುವುದು ಕಡಿಮೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಗೆ ತರುವುದರಲ್ಲಿ ನಮ್ಮ ರಾಜ್ಯ ದೇಶಕ್ಕೇ ಮುಂದಿತ್ತು. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪಿಎಚ್‌ಸಿ ಡಾಕ್ಟರುಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರು. ಆ ಬಳ್ಳಾರಿ ಮಾದರಿಯನ್ನೇ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಈಗ ಮನೋಚೈತನ್ಯ ಎಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಸೈಕಿಯಾಟ್ರಿಸ್ಟ್ ಬರುತ್ತಾರೆ. ಮನಸ್ಸಿನ ಮಾತ್ರೆ ಊರಿಗೆ ಬಂತು. ಆದರೆ ಅದೇ ರೋಗಿಯ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ ಅದೇ ಕಟ್ಟಡದಲ್ಲಿ ನಾಲ್ಕು ಬಾಗಿಲು ಆಚೆ ಇದ್ದರೂ, ಈ ಬಾಗಿಲಿಂದ ಆ ಬಾಗಿಲಿಗೆ ಕರೆದುಕೊಂಡು ಹೋಗುವವರಿಲ್ಲ.

ನಮ್ಮಲ್ಲಿ ಹೋದ ವರ್ಷ ಒಂದು ಸಣ್ಣ ಕೆಲಸ ಮಾಡಿದೆವು. ಮಂಗಳವಾರ ಮಾನಸಿಕ ಓಪಿಡಿ ಮುಂದಿನ ಬೆಂಚಿನ ಪಕ್ಕದಲ್ಲೇ ಒಂದು ತೂಕದ ಯಂತ್ರ, ಬಿಪಿ ಯಂತ್ರ, ಗ್ಲೂಕೋಮೀಟರ್ ಇಟ್ಟು ಒಬ್ಬ ಸಿಸ್ಟರನ್ನು ಕೂರಿಸಿದೆವು. ಕಾಯುವ ಹೊತ್ತಿನಲ್ಲೇ ಮುಗಿಯುತ್ತದೆ. ಹೊಸ ದುಡ್ಡು ಬೇಕಾಗಲಿಲ್ಲ, ಹೊಸ ಆದೇಶ ಬೇಕಾಗಲಿಲ್ಲ. ಮೊದಲ ದಿನವೇ ಇಬ್ಬರಿಗೆ ಶುಗರ್ 300 ದಾಟಿತ್ತು. ಇಬ್ಬರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ.

ಧಾರವಾಡದ_ಅವ್ವ

ತಂಗಿ, ನಿನ್ನ ಅಣ್ಣನ ಸುದ್ದಿ ಓದಿ ಕಣ್ಣಾಗ ನೀರು ಬಂತು. ನನ್ನ ಮಗಳ ಮಾತು ಹೇಳುತ್ತೇನೆ. ನನಗೆ ಟೈಪ್ ಮಾಡಲು ಬರುವುದಿಲ್ಲ, ಮೊಮ್ಮಗ ಬರೆಯುತ್ತಿದ್ದಾನೆ.

ಮಗಳಿಗೆ 38. ಹೆರಿಗೆ ಆದ ಮೇಲೆ ಶುರುವಾದ ಕಾಯಿಲೆ. ಗಂಡನ ಮನೆಯವರು ಬಿಟ್ಟರು, ನಮ್ಮ ಹತ್ತಿರವೇ ಇದ್ದಾಳೆ. ಎರಡು ವರ್ಷದ ಹಿಂದೆ ಒಂದೇ ಮಾತು ಹೇಳಲು ಶುರು ಮಾಡಿದಳು, "ಯವ್ವಾ, ನನ್ನ ಎದಿಯಾಗ ಯಾರೋ ಕಲ್ಲು ಇಟ್ಟಾರ." ನಾವು ಅವಳ ಕಾಯಿಲೆ ಮಾತು ಅಂದುಕೊಂಡೆವು. ಡಾಕ್ಟರೂ ಹಾಗೇ ಅಂದರು, ಮಾತ್ರೆ ಜಾಸ್ತಿ ಮಾಡಿದರು. ಮಾತ್ರೆ ಜಾಸ್ತಿ ಆದ ಮೇಲೆ ಅವಳು ಹಗಲೆಲ್ಲ ಮಲಗಿದಳು, ಕಲ್ಲಿನ ಮಾತು ನಿಂತಿತು. ನಮಗೆ ಗುಣ ಆಯಿತು ಅನ್ನಿಸಿತು.

ಐದು ತಿಂಗಳ ಮೇಲೆ ದೀಪಾವಳಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ನನ್ನ ಕೈಗೆ ಸಿಕ್ಕಿತು. ಲಿಂಬಿಕಾಯಿಯಷ್ಟು ಇತ್ತು.

ಕಲ್ಲು ಇತ್ತು ತಂಗಿ. ಅವಳು ಸುಳ್ಳು ಹೇಳಿರಲಿಲ್ಲ. ಇಟ್ಟವರು ಯಾರೂ ಇರಲಿಲ್ಲ, ಅಷ್ಟೇ ತಪ್ಪು ಅವಳದು.

ಆಪರೇಷನ್ ಆಯಿತು, ಕೀಮೋ ಆಯಿತು. ಕ್ಯಾನ್ಸರಿಗೆ ಕರೆಂಟು (ರೇಡಿಯೇಷನ್) ಕೊಡುವ ಕಡೆ ಮೊದಲು ಬೇಡ ಎಂದರು. ಇವಳು ಮಲಗಿದಲ್ಲಿ ಅಲ್ಲಾಡದೆ ಇರುತ್ತಾಳಾ, ಒಳಗೆ ಒಬ್ಬಳೇ ಇರಬೇಕು, ಆಗುವುದಿಲ್ಲ ಎಂದರು. ಮಾನಸಿಕ ಆಸ್ಪತ್ರೆಯ ಸೋಶಿಯಲ್ ವರ್ಕರ್ ಒಬ್ಬಳು ಹುಡುಗಿ ಬಂದು, ಅವಳನ್ನು ಎರಡು ದಿನ ಮೊದಲೇ ಆ ಕೋಣೆಗೆ ಕರೆದುಕೊಂಡು ಹೋಗಿ ಮಷಿನ್ ತೋರಿಸಿ, ಸದ್ದು ಕೇಳಿಸಿ, ಹಾಸಿಗೆ ಮೇಲೆ ಮಲಗಿಸಿ ಎಬ್ಬಿಸಿದಳು. ಆಮೇಲೆ ಅಷ್ಟೂ ದಿನ ನನ್ನ ಮಗಳು ಒಂದು ದಿನವೂ ಅಲ್ಲಾಡಲಿಲ್ಲ. ಈಗ ಅರಾಮ ಇದ್ದಾಳೆ.

ಸಂಪಿಗೆ_ಮರ

ಅಮ್ಮಾ, ನಿಮ್ಮ ಬರಹ ಮೂರು ಸಲ ಓದಿದೆ. "ಇಟ್ಟವರು ಯಾರೂ ಇರಲಿಲ್ಲ" ಎಂಬಲ್ಲಿ ನಿಂತುಬಿಟ್ಟೆ. ಮಗಳಿಗೆ ನನ್ನ ಪ್ರೀತಿ ಹೇಳಿ.

ಡಾಕ್ಟ್ರೇ, ಆ ಬೆಂಚಿನ ವಿಷಯ ನಮ್ಮ ತಾಲ್ಲೂಕಿನಲ್ಲಿ ಹೇಳಿದರೆ ಕೇಳುತ್ತಾರಾ?

ರಾತ್ರಿ_ಡ್ಯೂಟಿ

ನನ್ನ ಮಾತಿಗೆ ಬೈಯಬಹುದು, ಆದರೂ ಹೇಳುತ್ತೇನೆ. ನಾನು ಹೌಸ್ ಸರ್ಜನ್. ರಾತ್ರಿ ಕ್ಯಾಶುವಾಲ್ಟಿಯಲ್ಲಿ ನಾನು, ಒಬ್ಬರು ಮೆಡಿಕಲ್ ಆಫೀಸರ್, ಇಬ್ಬರು ಸಿಸ್ಟರ್. ಹಾವು ಕಚ್ಚಿದವರು, ಬೈಕಿನಿಂದ ಬಿದ್ದವರು, ವಿಷ ಕುಡಿದವರು ಎಲ್ಲ ಒಟ್ಟಿಗೆ. ಇಂಟರ್ನ್‌ಶಿಪ್‌ನಲ್ಲಿ ಸೈಕಿಯಾಟ್ರಿಗೆ ಸಿಗುವುದು ಎರಡು ವಾರ. ಕೂಗಾಡುವ ರೋಗಿ ಬಂದರೆ ನಿಜವಾಗಿಯೂ ಹೆದರಿಕೆ ಆಗುತ್ತದೆ. ಏನಾಯಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಿಪಿ ಪಟ್ಟಿ ಕಟ್ಟಲು ಬಿಡುವುದಿಲ್ಲ, ಜೊತೆಗೆ ಬಂದವರು "ಮೊದಲು ಮಲಗಿಸಿ ಸಾರ್" ಎನ್ನುತ್ತಾರೆ. ಮಲಗಿಸುವ ಇಂಜೆಕ್ಷನ್ ಕೊಡುತ್ತೇವೆ. ಎಲ್ಲರಿಗೂ ನೆಮ್ಮದಿ. ಅದು ತಪ್ಪು ಎಂದು ನನಗೂ ಈಗ ಗೊತ್ತಾಗುತ್ತಿದೆ. ಆದರೆ ಬೇರೆ ಏನು ಮಾಡಬೇಕು ಎಂದು ನಮಗೆ ಯಾರೂ ಕಲಿಸಿಲ್ಲ.

ಬಯಲುಸೀಮೆ_ಡಾಕ್ಟ್ರು

ಯಾಕೆ ಬೈಯುತ್ತೇನೆ? ನೀವು ಇಲ್ಲಿ ಬಂದು ಇದನ್ನು ಬರೆದದ್ದೇ ದೊಡ್ಡದು.

ರಾತ್ರಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಇದ್ದಕ್ಕಿದ್ದಂತೆ, ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬದಲಾದವರನ್ನು ಮೊದಲು ದೇಹದ ಕಾಯಿಲೆ ಎಂದೇ ನೋಡಬೇಕು. ಹಗಲು ರಾತ್ರಿ ಗೊತ್ತಾಗುತ್ತಿಲ್ಲ, ಒಂದು ಗಂಟೆ ಸರಿ ಇದ್ದು ಮತ್ತೆ ತಪ್ಪುತ್ತಾರೆ, ಗೋಡೆ ಮೇಲೆ ಹುಳ ಕಾಣುತ್ತಿದೆ ಎಂದರೆ ಅದು ಡೆಲಿರಿಯಂ, ಅಂದರೆ ದೇಹದ ಕಾಯಿಲೆಯಿಂದ ಬುದ್ಧಿ ಗೊಂದಲವಾಗುವುದು, ಇರಬಹುದು. ಹಳೆಯ ಫೈಲಿನಲ್ಲಿ ಏನೇ ಬರೆದಿರಲಿ. ಶುಗರ್ ಇಳಿದಿರಬಹುದು, ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕು, ನ್ಯುಮೋನಿಯಾ, ತಲೆಗೆ ಪೆಟ್ಟು, ಕುಡಿತ ನಿಲ್ಲಿಸಿದ್ದು, ಏನೂ ಆಗಿರಬಹುದು. ಗ್ಲೂಕೋಮೀಟರ್ ಚುಚ್ಚಲು ಒಂದು ನಿಮಿಷ ಸಾಕು. ನಾಡಿ, ಬಿಪಿ, ಉಸಿರು, ಜ್ವರ, ಆಕ್ಸಿಜನ್ ನೋಡಿ. ಈಗ ಆಗದಿದ್ದರೆ ಹತ್ತು ನಿಮಿಷ ಬಿಟ್ಟು ನೋಡಿ. ಶಾಂತ ಮಾಡಲು ಇಂಜೆಕ್ಷನ್ ಕೊಡಲೇಬೇಕಾಯಿತು ಅನ್ನಿ, ಕೊಟ್ಟ ಮೇಲಾದರೂ ಇವೆಲ್ಲ ಆಗಲೇಬೇಕು. ಮಲಗಿದವರನ್ನು ಮಲಗಲು ಬಿಟ್ಟು ಹೋಗುವುದೇ ದೊಡ್ಡ ಅಪಾಯ.

ಮನೆಯವರನ್ನು ಕೇಳಬೇಕಾದ್ದು ಒಂದೇ: "ಇವರು ಯಾವಾಗಲೂ ಹೀಗೇನಾ, ಅಥವಾ ಇದು ಹೊಸದಾ?" ಹೊಸದು ಎಂದರೆ ನಂಬಿ.

ಸಂಪಿಗೆ ಅವರೇ, ತಾಲ್ಲೂಕಿನಲ್ಲಿ ಹೇಳಿ ನೋಡಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಸೋಶಿಯಲ್ ವರ್ಕರ್, ನರ್ಸ್ ಇರುತ್ತಾರೆ, ಮೊದಲು ಅವರ ಹತ್ತಿರ ಮಾತಾಡಿ.

ಲೀಡ್ಸ್_ಕನ್ನಡತಿ

ಮೈಸೂರಿನವಳು, ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ವಾರ್ಡಿನಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಕ್ಲೋಜಪಿನ್ ತಗೊಳ್ಳುವವರಿಗೆ ಮೋಷನ್ ಚಾರ್ಟ್ ಇದೆ. ದಿನಾ ಕೇಳಿ ಬರೆಯಬೇಕು. ಮೊದಮೊದಲು ನನಗೆ ಇದು ಅತಿಯಾಯಿತು ಅನ್ನಿಸಿತ್ತು. ಈ ಮಾತ್ರೆ ಕರುಳಿನ ಓಟವನ್ನೇ ನಿಧಾನ ಮಾಡುತ್ತದೆ, ಕರುಳು ಕಟ್ಟಿ ಜನ ಸತ್ತಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನು ಇನ್ನೂ ಗಟ್ಟಿ ಮಾಡಿತು. ಬಿಳಿ ರಕ್ತಕಣದ ಭಯ ಎಲ್ಲರಿಗೂ ಗೊತ್ತು, ಕರುಳಿನದು ಗೊತ್ತಿಲ್ಲ. ಸಂಪಿಗೆ ಅವರ ಅಣ್ಣನಿಗೆ ಆಗಿದ್ದು ಇದೇ.

ಇನ್ನೊಂದು ವಿಷಯ ಮನೆಯವರಿಗೆ ಗೊತ್ತಿರಲಿ. ಅಣ್ಣ ಬೀಡಿ ಸೇದುತ್ತಾರಾ? ಬೀಡಿ, ಸಿಗರೇಟಿನ ಹೊಗೆ ಈ ಮಾತ್ರೆಯನ್ನು ಬೇಗ ಕರಗಿಸುತ್ತದೆ. ಆಸ್ಪತ್ರೆಗೆ ಸೇರಿ ಇದ್ದಕ್ಕಿದ್ದಂತೆ ಬೀಡಿ ನಿಂತರೆ ಅದೇ ಮಾತ್ರೆ ರಕ್ತದಲ್ಲಿ ಜಾಸ್ತಿ ಆಗುತ್ತದೆ. ತುಂಬಾ ನಿದ್ದೆ, ಜೊಲ್ಲು, ಮೋಷನ್ ಇನ್ನೂ ಕಟ್ಟುವುದು, ಫಿಟ್ಸ್ ಕೂಡ ಬರಬಹುದು. ಬೀಡಿ ಬಿಡುವುದು ಒಳ್ಳೆಯದೇ, ಬಿಡಲಿ. ಆದರೆ ಬಿಡುವಾಗ ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬೇಕಾಗಬಹುದು.

ಇಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರ ಪಟ್ಟಿ ಪ್ರತಿ ಜಿಪಿ, ಅಂದರೆ ಊರಿನ ಸಾಮಾನ್ಯ ಡಾಕ್ಟರ ಹತ್ತಿರ ಇರುತ್ತದೆ. ಅವರಿಗೆ ವರ್ಷಕ್ಕೊಮ್ಮೆ ತೂಕ, ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಬೇಕು, ಸಿಗರೇಟು ಮತ್ತು ಕುಡಿತದ ಬಗ್ಗೆ ಕೇಳಬೇಕು. ಇಷ್ಟಿದ್ದರೂ ಇಂಗ್ಲೆಂಡಿನಲ್ಲೂ ಈ ಜನ 15ರಿಂದ 20 ವರ್ಷ ಬೇಗ ಸಾಯುತ್ತಾರೆ. ಯಾಕೆಂದರೆ ಕರೆಯುವುದು ಕಾಗದ ಕಳಿಸಿ. ಕಾಗದ ಬಂದರೆ ಹೆದರಿ ತೆರೆಯದೆ ಇಡುವವರು ಬಹಳ ಜನ. ಒಬ್ಬರು ಜೊತೆಗೆ ಹೋದರೆ ಮಾತ್ರ ಆಗುತ್ತದೆ. ಧಾರವಾಡದ ಅಮ್ಮ ಹೇಳಿದ ಆ ಸೋಶಿಯಲ್ ವರ್ಕರ್ ಹುಡುಗಿ ಮಾಡಿದ ಕೆಲಸ ಎಷ್ಟು ದೊಡ್ಡದು ಎಂದು ಇಲ್ಲಿದ್ದು ನನಗೆ ಅರ್ಥವಾಗುತ್ತದೆ.

ಸಂಪಿಗೆ_ಮರ

ಸೇದುತ್ತಾನೆ. ದಿನಕ್ಕೆ ಒಂದು ಕಟ್ಟು. ಆಪರೇಷನ್ ಆದ ಮೇಲೆ ವಾರ್ಡಿನಲ್ಲಿ ಬೀಡಿ ಇರಲಿಲ್ಲ, ಮಾತಾಡಿಸಿದರೂ ಏಳುತ್ತಿರಲಿಲ್ಲ, ದಿಂಬು ಪೂರ್ತಿ ಜೊಲ್ಲು. ಆಪರೇಷನ್ ಸುಸ್ತು ಅಂದುಕೊಂಡಿದ್ದೆ. ಈಗ ಗೊತ್ತಾಯಿತು.

ಆಶಾ_ಹನ್ನೆರಡು_ವರ್ಷ

ನಾನು ಆಶಾ ಕಾರ್ಯಕರ್ತೆ, ನನ್ನ ಕಡೆಯಿಂದಲೂ ಒಂದು ಮಾತು. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್, ಬಾಯಿ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಬೇಕು ಎಂದು ನಮಗೆ ಪಟ್ಟಿ ಕೊಡುತ್ತಾರೆ. ಮನೆ ಮನೆಗೆ ಹೋಗುತ್ತೇವೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ನಾಲ್ಕು ಎಂದು ಹೇಳುತ್ತಾರೆ. ಹಿಂದಿನ ಕೋಣೆಯಲ್ಲಿ ಐದನೆಯವರು ಇರುತ್ತಾರೆ, ನನಗೂ ಗೊತ್ತು, ಅವರಿಗೂ ಗೊತ್ತು. "ಅವನದು ಬಿಡಿ ಅಕ್ಕಾ, ಅವನು ಹಾಗೇ" ಎನ್ನುತ್ತಾರೆ. ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ. ಹೊರಗೆ ಕರೆದರೆ ಮರ್ಯಾದೆ ಹೋಯಿತು ಎಂದು ಮನೆಯವರಿಗೆ ನೋವಾಗುತ್ತದೆ ಅನ್ನಿಸುತ್ತಿತ್ತು.

ಧಾರವಾಡದ ಅಮ್ಮನದು ಓದಿದ ಮೇಲೆ ನಿನ್ನೆ ಒಂದು ಮನೆಗೆ ಮತ್ತೆ ಹೋದೆ. ಆ ಅಕ್ಕನಿಗೆ 50 ವರ್ಷ ಇರಬಹುದು. ಕೋಣೆಗೇ ಹೋಗಿ ನೆಲದ ಮೇಲೆ ಕೂತು ಬಿಪಿ ನೋಡಿದೆ, 180 ಇತ್ತು. ಪಟ್ಟಿ ಬಿಗಿಯಾದಾಗ ನಕ್ಕಳು. ಪಿಎಚ್‌ಸಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬಂದೆ.

ಕಾನೂನು_ಓದುವವನು

ಐದು ಗಂಟೆ ಕಾಯಿಸಿದರಲ್ಲ, ಆ ಭಾಗಕ್ಕೆ ಬರುತ್ತೇನೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017, ಇದು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 21ನೇ ಕಲಂ ಪ್ರಕಾರ ಎಲ್ಲಾ ಆರೋಗ್ಯ ಸೇವೆಯಲ್ಲೂ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮನಾಗಿ ನೋಡಬೇಕು. ಆಂಬುಲೆನ್ಸ್ ಕೂಡ ಅದೇ ಗುಣಮಟ್ಟದಲ್ಲಿ ಸಿಗಬೇಕು ಎಂದು ಬಿಡಿಸಿ ಬರೆದಿದ್ದಾರೆ. ಆರೋಗ್ಯ ವಿಮೆಗೂ ಸಮಾನತೆ ಅದೇ ಕಲಮಿನಲ್ಲಿದೆ. 3ನೇ ಕಲಮಿನಲ್ಲಿ ಇನ್ನೊಂದು ಮುಖ್ಯ ಮಾತಿದೆ: ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಎಂದು ತಿಳಿಯುವಂತಿಲ್ಲ, ಅದನ್ನು ಹೇಳಬೇಕಾದ್ದು ಕೋರ್ಟು. ಆದ್ದರಿಂದ "ಸ್ಕಿಜೋಫ್ರೇನಿಯಾ ಇದೆ, ಹಾಗಾಗಿ ಇವರ ಸಹಿ ನಡೆಯುವುದಿಲ್ಲ" ಎನ್ನುವುದು ಸರಿಯಲ್ಲ. ರೋಗಿಗೆ ಆಪರೇಷನ್ ಏನು, ಯಾಕೆ ಎಂದು ಅರ್ಥವಾಗುತ್ತದಾ ಎಂದು ಆ ಹೊತ್ತಿಗೆ ಕೇಳಿ ನೋಡಬೇಕು. ಸೈಕಿಯಾಟ್ರಿ ಸಲಹೆ ಕೇಳುವುದು ಒಳ್ಳೆಯದೇ, ಅರಿವಳಿಕೆ ಕೊಡುವವರಿಗೂ ಯಾವ ಮಾತ್ರೆ ಎಂದು ತಿಳಿಯಬೇಕು. ಅದಕ್ಕೆ ಒಂದು ಫೋನ್ ಸಾಕು. ಜೀವ ಹೋಗುವ ಹೊತ್ತಿನಲ್ಲಿ ಕಾಗದ ತರಲು ತಂಗಿಯನ್ನು ಓಡಿಸಬೇಕಿರಲಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಇರುವ 21 ಅಂಗವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಆ ಕಾಯ್ದೆಯ 25ನೇ ಕಲಂ ಆಸ್ಪತ್ರೆಯಲ್ಲಿ ತಪಾಸಣೆಗೆ, ಚಿಕಿತ್ಸೆಗೆ ಆದ್ಯತೆ ಕೊಡಬೇಕು ಎನ್ನುತ್ತದೆ. ತೋರಿಸಿ ಕೇಳಿ.

ದೂರು ಕೊಡುವುದಾದರೆ ಮೊದಲು ಆ ಆಸ್ಪತ್ರೆಯ ಮುಖ್ಯಸ್ಥರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಖಾಸಗಿ ಆಸ್ಪತ್ರೆ ಆದರೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಡಾಕ್ಟರ ಬಗ್ಗೆ ಆದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಮೊದಲ ದಿನದ ಓಪಿಡಿ ಚೀಟಿ ಎಸೆಯಬೇಡಿ, ಹೊಟ್ಟೆ ಪರೀಕ್ಷೆ ಮಾಡಿದ ಟಿಪ್ಪಣಿ ಅದರಲ್ಲಿ ಇಲ್ಲ ಎನ್ನುವುದೇ ನಿಮ್ಮ ಸಾಕ್ಷಿ.

ಬೈಪೋಲಾರ್_ಜೊತೆ_ಬದುಕು

ಕಾನೂನು ಸರಿ ಸಾರ್, ಧನ್ಯವಾದ. ಆದರೆ ತೊದಲುತ್ತಾ ಕ್ಯಾಶುವಾಲ್ಟಿಯಲ್ಲಿ ಬಿದ್ದಿರುವಾಗ ನಾನು ಕಲಂ ಹೇಳಲು ಆಗುವುದಿಲ್ಲ. ಅದಕ್ಕೆ ನಾನು ಮಾಡಿಕೊಂಡಿರುವುದು ಇಷ್ಟು. ಒಂದು ಕಾರ್ಡಿನಲ್ಲಿ ನನ್ನ ಮಾತ್ರೆ, ಡೋಸು, ಕೊನೆಯ ಲಿಥಿಯಂ ಲೆವೆಲ್, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಮತ್ತು ತಾರೀಕು ಬರೆದಿದ್ದೇನೆ. ಕೆಳಗೆ ದೊಡ್ಡ ಅಕ್ಷರದಲ್ಲಿ, "ನಾನು ತೊದಲಿದರೆ, ತಡವರಿಸಿದರೆ ಅದು ನನ್ನ ಕಾಯಿಲೆಯಲ್ಲ, ಲಿಥಿಯಂ ಲೆವೆಲ್ ನೋಡಿ." ಪರ್ಸಿನಲ್ಲಿ ಒಂದು, ಫೋನಿನ ಹಿಂದೆ ಒಂದು. ಈ ಎರಡು ವರ್ಷದಲ್ಲಿ ಒಂದು ಸಲ ತೋರಿಸಿದೆ, ಜ್ವರಕ್ಕೆ ಹೋದಾಗ. ಡಾಕ್ಟರು ಓದಿ, ಪೇನ್ ಕಿಲ್ಲರ್ ಬರೆದಿದ್ದನ್ನು ಹೊಡೆದು ಹಾಕಿ ಪ್ಯಾರಾಸಿಟಮಾಲ್ ಬರೆದರು.

ಸಂಪಿಗೆ ಅವರು ಕೇಳಿದ್ದಕ್ಕೆ ಇದೇ ನನ್ನ ಉತ್ತರ. ಚೀಟಿ ತೋರಿಸಿ, ಆದರೆ ಬರಿ ಚೀಟಿ ತೋರಿಸಬೇಡಿ. "ಇವನು ದಿನಾ ಹಾಲು ಹಾಕುತ್ತಾನೆ, ಲೆಕ್ಕ ಬರೆಯುತ್ತಾನೆ, ಮೂರು ದಿನದಿಂದ ಏಳುತ್ತಿಲ್ಲ" ಎಂದು ಮೊದಲು ಹೇಳಿ, ಆಮೇಲೆ ಚೀಟಿ ಕೊಡಿ.

ರಾತ್ರಿ_ಡ್ಯೂಟಿ

ಈ ಕಾರ್ಡು ನನ್ನಂಥವರಿಗೆ ದೇವರು ಕೊಟ್ಟ ಹಾಗೆ. ಎಲ್ಲರೂ ಮಾಡಿ ದಯವಿಟ್ಟು. ಕ್ಲೋಜಪಿನ್ ಆದರೆ ಜ್ವರ, ಗಂಟಲು ನೋವು ಬಂದರೆ ಕೂಡಲೇ ರಕ್ತಕಣ ನೋಡಬೇಕು ಎಂದೂ ಬರೆಯಿರಿ, ರಾತ್ರಿ ಎರಡು ಗಂಟೆಗೆ ಅದು ನೆನಪಾಗುವುದಿಲ್ಲ.

ಮತ್ತೆ ಒಂದು ವಿಷಯ. ನಿನ್ನೆ ರಾತ್ರಿ ಒಬ್ಬರು ಅಜ್ಜ ಬಂದರು, ಹಳೇ ಫೈಲಿನಲ್ಲಿ ಮಾನಸಿಕ ಕಾಯಿಲೆ ಎಂದಿತ್ತು, ಬಡಬಡಿಸುತ್ತಿದ್ದರು. "ಯಾವಾಗಲೂ ಹೀಗೇನಾ?" ಎಂದು ಮಗನನ್ನು ಕೇಳಿದೆ. ಇಲ್ಲ, ನಿನ್ನೆಯಿಂದ ಎಂದರು. ನೋಡಿದರೆ ಸೋಡಿಯಂ 112, ತೀರಾ ಇಳಿದಿತ್ತು.

ಬಯಲುಸೀಮೆ_ಡಾಕ್ಟ್ರು

ಭೇಷ್. ನಿಧಾನವಾಗಿ ಏರಿಸಿ, ಗಡಿಬಿಡಿ ಬೇಡ, ಸೀನಿಯರ್ ಜೊತೆಗಿರಲಿ.

ಧಾರವಾಡದ_ಅವ್ವ

ಆ ಹುಡುಗ ಡಾಕ್ಟರಿಗೆ ಒಳ್ಳೆಯದಾಗಲಿ.

ಸಂಪಿಗೆ_ಮರ

ನಾಲ್ಕು ದಿನ ಇಲ್ಲಿಗೆ ಬರಲು ಆಗಲಿಲ್ಲ. ನಿನ್ನೆ ಮಂಗಳವಾರ ಅಣ್ಣನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೆಂಚಿನ ವಿಷಯ ಅಲ್ಲಿನ ಸೋಶಿಯಲ್ ವರ್ಕರಿಗೆ ಹೇಳಿದೆ. ಬರೆದುಕೊಂಡರು, ನೋಡೋಣ ಎಂದರು. ತೂಕದ ಯಂತ್ರ ಇದೆಯಂತೆ, ಸಿಸ್ಟರ್ ಇಲ್ಲವಂತೆ.

ಕಾರ್ಡು ಮಾಡಿದ್ದೇನೆ. ಬರೆದದ್ದು ಅಣ್ಣನೇ, ಅವನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಮೋಷನ್ ಲೆಕ್ಕಕ್ಕೆ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ಗೆರೆ ಎಳೆದುಕೊಂಡಿದ್ದಾನೆ. ಚೀಲ ಇರುವುದರಿಂದ ಈಗ ಅದನ್ನು ಎಷ್ಟು ಸಲ ಖಾಲಿ ಮಾಡಿದೆ ಎಂದು ಬರೆಯುತ್ತಾನೆ. ಕ್ಲೋಜಪಿನ್ ಜೊತೆಗೆ ಮೋಷನ್‌ಗೆ ಔಷಧಿ ಏನು ಬೇಕು ಎಂದು ಈ ಸಲ ಸೈಕಿಯಾಟ್ರಿಸ್ಟ್, ಆಪರೇಷನ್ ಮಾಡಿದವರು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಬರೆದುಕೊಟ್ಟರು. ನಾನು ಇಬ್ಬರಿಗೂ ಕೈಮುಗಿದು ಅದನ್ನೇ ಕೇಳಿದ್ದೆ.

ಶುಗರ್, ಕೊಲೆಸ್ಟರಾಲ್‌ಗೆ ಇದೇ ಮೊದಲ ಸಲ ರಕ್ತ ಕೊಟ್ಟ. ಸೂಜಿ ಚುಚ್ಚುವಾಗ ಲ್ಯಾಬಿನವರು "ನೋವಾಯ್ತಾ?" ಎಂದು ಅವನನ್ನೇ ಕೇಳಿದರು. "ಸ್ವಲ್ಪ" ಎಂದ.

ರಿಪೋರ್ಟ್ ಗುರುವಾರ ಕೊಡುತ್ತಾರೆ. ಬಂದ ಮೇಲೆ ಇಲ್ಲಿ ಹಾಕುತ್ತೇನೆ, ಡಾಕ್ಟ್ರು ಒಮ್ಮೆ ನೋಡಿ.